ನಮ್ಮ ಮನೆಯ ಬೆಳಕು, ಯಾರ ಲೆಕ್ಕದಲ್ಲಿ?

ಸ್ಮರಣ ಸಂಚಿಕೆಗೆ ಲೇಖನ ಕೇಳಿದ ಸಂಪಾದಕರು ನನ್ನಿಂದ ಹಬ್ಬದ ಅಡುಗೆಯ ಬಗೆಗೋ, ಮಕ್ಕಳಿಗೆ ಕನ್ನಡ ಕಲಿಸುವ ಬಗೆಗೋ ನಾಲ್ಕು ಮಾತುಗಳನ್ನು ನಿರೀಕ್ಷಿಸಿದ್ದಿರಬಹುದು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಪುಟದಲ್ಲಿಯೇ ಬರೆದಿರುತ್ತಾರೆ. ನಾನು ವಿದ್ಯುತ್ ಬಿಲ್ಲಿನ ಬಗ್ಗೆ ಬರೆಯುತ್ತೇನೆ. ಇತಿಹಾಸ ಓದಿ ಬಿ.ಎ. ಮಾಡಿದ ಗೃಹಿಣಿಗೆ ಈ ಅಧಿಕಪ್ರಸಂಗವೇಕೆ ಎಂದು ಓದುಗರಿಗೆ ಅನ್ನಿಸಿದರೆ, ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಒಂದು ಪ್ರಸಂಗವನ್ನು ಕೇಳುವಷ್ಟು ತಾಳ್ಮೆ ತೋರಬೇಕೆಂದು ಕೋರುತ್ತೇನೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿದ ನಾಡಿನಲ್ಲಿ ಹುಟ್ಟಿದವರು ನಾವು. ಆದರೂ ನನ್ನ ಬಾಲ್ಯದ ಮೈಸೂರಿನಲ್ಲಿ ಕರೆಂಟಿನ ಬಗ್ಗೆ ನಮ್ಮ ಮನೆಯಲ್ಲಿ ಏಳುತ್ತಿದ್ದ ಪ್ರಶ್ನೆ ಒಂದೇ: ಬಂತೇ, ಇನ್ನೂ ಬಂದಿಲ್ಲವೇ? ಯಾರಿಂದ ಕೊಳ್ಳೋಣ ಎಂಬ ಪ್ರಶ್ನೆ ಯಾರ ಕನಸಿನಲ್ಲಿಯೂ ಇರಲಿಲ್ಲ. ಕೆ.ಇ.ಬಿ. ಇತ್ತು, ಅಷ್ಟೇ. ಲಂಡನ್ನಿನಲ್ಲಿಯೂ 1948ರ ರಾಷ್ಟ್ರೀಕರಣದಿಂದ 1990ರವರೆಗೆ ಒಂದೇ ಮಂಡಳಿ ಇದ್ದಿತು. ಖಾಸಗೀಕರಣದ ನಂತರ, 1998ರ ಸೆಪ್ಟೆಂಬರಿನಿಂದ 1999ರ ಮೇ ತಿಂಗಳೊಳಗೆ, ಈ ದೇಶದ ಮನೆಮನೆಗೂ ವಿದ್ಯುತ್ ಮಾರುವವರನ್ನು ಆರಿಸಿಕೊಳ್ಳುವ ಹಕ್ಕು ಬಂದಿತು. ನಮ್ಮವರಲ್ಲಿ ಬಹಳ ಮಂದಿ ಆ ಹಕ್ಕನ್ನು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಂತೆ ನೋಡುತ್ತ ಉಳಿದರು. ನಾವೂ ಹಾಗೆಯೇ ಇದ್ದೆವು.

2001ರಲ್ಲಿ ನಾವು ಪೂರ್ವ ಲಂಡನ್ನಿನ ಒಂದು ಹಳೆಯ ಮನೆಯ ಕೆಳ ಅಂತಸ್ತನ್ನು ಕೊಂಡೆವು. ಒಂದೇ ಮನೆಯನ್ನು ಯಾರೋ ಎಂದೋ ಸೀಳಿ ಎರಡು ಫ್ಲ್ಯಾಟ್ ಮಾಡಿದ್ದರು. ಮೇಲೆ ಒಬ್ಬಂಟಿ ವೃದ್ಧೆ. ಕೆಳಗೆ ನಾವಿಬ್ಬರು, ಇಬ್ಬರು ಮಕ್ಕಳು, ಮತ್ತು ವರ್ಷಕ್ಕೆ ಆರು ತಿಂಗಳು ಬಂದಿರುತ್ತಿದ್ದ ನಮ್ಮ ಅತ್ತೆಯವರು. ಅವರ ಕೋಣೆಯಲ್ಲಿ ಫ್ಯಾನ್ ಹೀಟರ್ ರಾತ್ರಿಯಿಡೀ ಓಡುತ್ತಿತ್ತು. ದೋಸೆಹಿಟ್ಟಿಗೆ ಕೊಯಮತ್ತೂರಿನ ಗ್ರೈಂಡರ್, ದಿನವೂ ಬಟ್ಟೆ ಒಗೆತ. ಇಷ್ಟಾದರೂ ನಮ್ಮ ವಿದ್ಯುತ್ ಬಿಲ್ಲು ಆಶ್ಚರ್ಯವಾಗುವಷ್ಟು ಕಡಿಮೆ ಬರುತ್ತಿತ್ತು. ನಮ್ಮ ಯಜಮಾನರು ಸ್ನೇಹಿತರ ಮುಂದೆ ನನ್ನ ಮಿತವ್ಯಯವನ್ನು ಹೊಗಳುತ್ತಿದ್ದರು. ನಾನು ಸಂಕೋಚದಿಂದ ಕೇಳಿಸಿಕೊಳ್ಳುತ್ತಿದ್ದೆ. ಒಳಗೊಳಗೇ ನಂಬಿಯೂ ಇದ್ದೆ.

2004ರ ಚಳಿಗಾಲದಲ್ಲಿ ಮನೆಬಾಗಿಲಿಗೆ ಬಂದ ಮಾರಾಟಗಾರನೊಬ್ಬ ಕಂಪೆನಿ ಬದಲಿಸಿದರೆ ಇನ್ನೂ ಉಳಿತಾಯವೆಂದ. ಅವನಿಗೆ ಮೀಟರಿನ ಅಂಕಿ ಬೇಕಿತ್ತು. ಹಜಾರದ ಕಪಾಟಿನಲ್ಲಿ ಎರಡು ಮೀಟರುಗಳಿದ್ದವು. ಯಾವುದು ನಮ್ಮದೆಂಬ ಅನುಮಾನ ಬಂದು, ಒಳಗೆ ಹೋಗಿ ನಮ್ಮ ಮೇನ್ ಸ್ವಿಚ್ ಆರಿಸಿ ಬಂದೆ. ಬಿಲ್ಲಿನಲ್ಲಿದ್ದ ನಂಬರಿನ ಮೀಟರಿನ ತಟ್ಟೆ ನಿಧಾನವಾಗಿ ತಿರುಗುತ್ತಲೇ ಇತ್ತು. ಪಕ್ಕದ್ದು ನಿಂತಿತ್ತು. ಸ್ವಿಚ್ ಹಾಕಿ ಗ್ರೈಂಡರ್ ಓಡಿಸಿದಾಗ ನಿಂತಿದ್ದ ತಟ್ಟೆ ರಭಸದಿಂದ ಸುತ್ತತೊಡಗಿತು.

ಮೂರು ವರ್ಷಗಳಿಂದ ನಮ್ಮ ಬಿಲ್ಲನ್ನು ಆ ವೃದ್ಧೆ ಕಟ್ಟುತ್ತಿದ್ದರು, ಅವರದನ್ನು ನಾವು. ಅಂದು ಸಂಜೆ ಮೇಲೆ ಹೋದಾಗ ಅವರು ಮನೆಯೊಳಗೇ ಕೋಟು ತೊಟ್ಟು ಒಂದು ದೀಪದ ಕೆಳಗೆ ಕುಳಿತಿದ್ದರು. ಎಷ್ಟು ಉಳಿಸಿದರೂ ಬಿಲ್ಲು ಇಳಿಯುವುದೇ ಇಲ್ಲ, ನನ್ನಲ್ಲೇ ಏನೋ ತಪ್ಪಿರಬೇಕು ಎಂದರು. ಆ ಮಾತು ಕೇಳಿ ನನಗೆ ಆದ ನಾಚಿಕೆಯನ್ನು ಇಲ್ಲಿ ವರ್ಣಿಸಲಾರೆ.

ಕಂಪೆನಿಯ ಹೆಸರು ಬೇಡ. ಮೂರು ತಿಂಗಳು ಪತ್ರ ಬರೆದ ಮೇಲೆ ಒಬ್ಬ ಇಂಜಿನಿಯರ್ ಬಂದು ಐದು ನಿಮಿಷದಲ್ಲಿ ವಿಷಯವನ್ನು ಒಪ್ಪಿದ. ವ್ಯತ್ಯಾಸ ಆರುನೂರು ಪೌಂಡಿಗೂ ಮೇಲಾಯಿತು, ಕಂತಿನಲ್ಲಿ ತೀರಿಸಿದೆವು. ಈಗಿನ ನಿಯಮ ಬೇರೆ. ತಪ್ಪು ಗ್ರಾಹಕರದಲ್ಲದಿದ್ದರೆ ಹನ್ನೆರಡು ತಿಂಗಳಿಗಿಂತ ಹಿಂದಿನ ಬಳಕೆಗೆ ಹೊಸದಾಗಿ ಬಿಲ್ಲು ಮಾಡುವಂತಿಲ್ಲವೆಂದು 2018ರಿಂದ ಕಟ್ಟಳೆಯಾಗಿದೆ. ಅಂದು ಆ ನಿಯಮವಿದ್ದಿದ್ದರೆ ನಾವು ಅದರ ಮರೆಯಲ್ಲಿ ನಿಲ್ಲುತ್ತಿದ್ದೆವೋ ಏನೋ. ಇಲ್ಲದಿದ್ದದ್ದೇ ಒಳ್ಳೆಯದಾಯಿತು.

ಆದುದರಿಂದ, ಯಾವ ಕಂಪೆನಿ ಅಗ್ಗ ಎಂದು ಗೆಳತಿಯರು ಕೇಳಿದಾಗ ನಾನು ಮೊದಲು ಕೇಳುವುದು, ನಿಮ್ಮ ಮೀಟರ್ ಎಲ್ಲಿದೆ ಗೊತ್ತೇ ಎಂದು. ಅನೇಕರಿಗೆ ಗೊತ್ತಿರುವುದಿಲ್ಲ. ಅಂದಾಜಿನ ಬಿಲ್ಲು ಬರುತ್ತದೆ, ಡೈರೆಕ್ಟ್ ಡೆಬಿಟ್‌ನಲ್ಲಿ ಹಣ ಹೋಗುತ್ತದೆ, ಅದು ಯಜಮಾನರ ಖಾತೆ. ಯಾರಿಂದ ಕೊಂಡರೂ ಮನೆಗೆ ಬರುವ ವಿದ್ಯುತ್ತು ಅದೇ ತಂತಿಯದು. ಲಂಡನ್ನಿನ ಬಹುಭಾಗದ ತಂತಿಜಾಲವನ್ನು ನೋಡಿಕೊಳ್ಳುವುದು ಯು.ಕೆ. ಪವರ್ ನೆಟ್‌ವರ್ಕ್ಸ್. ನಾವು ಆರಿಸುವುದು ಲೆಕ್ಕ ಬರೆಯುವವರನ್ನು ಮಾತ್ರ. ಹಾಗೆಂದು ಆ ಆಯ್ಕೆ ಕ್ಷುಲ್ಲಕವಲ್ಲ. ಯೂನಿಟ್ಟಿನ ದರದ ಜೊತೆಗೆ, ದೀಪ ಹಚ್ಚದಿದ್ದರೂ ದಿನವೂ ಬೀಳುವ ಸ್ಟ್ಯಾಂಡಿಂಗ್ ಚಾರ್ಜನ್ನು ನೋಡಬೇಕು. ಕಡಿಮೆ ಬಳಸುವ ವೃದ್ಧರಿಗೆ ಅದೇ ದೊಡ್ಡ ಹೊರೆ. ನಿಗದಿತ ದರದ ಒಪ್ಪಂದವನ್ನು ನಡುವೆ ಮುರಿದರೆ ಎಷ್ಟು ದಂಡವೆಂದು ಕೇಳಬೇಕು. ಒಪ್ಪಿಕೊಂಡ ಮೇಲೂ ಮನಸ್ಸು ಬದಲಿಸಲು ಹದಿನಾಲ್ಕು ದಿನಗಳ ಅವಕಾಶವಿದೆ.

2019ರ ಜನವರಿಯಲ್ಲಿ ಬಂದ ದರದ ಮಿತಿಯ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಪತ್ರಿಕೆಗಳಲ್ಲಿ ಕಾಣುವ ಮೊತ್ತ ಸಾಧಾರಣ ಬಳಕೆಯ ಮನೆಯೊಂದರ ಲೆಕ್ಕ. ಮಿತಿಯಿರುವುದು ಯೂನಿಟ್ಟಿನ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜಿಗೆ, ಒಟ್ಟು ಬಿಲ್ಲಿಗಲ್ಲ. 2022ರ ಅಕ್ಟೋಬರಿನಲ್ಲಿ ಸರ್ಕಾರ 2,500 ಪೌಂಡಿನ ಮಾತಾಡಿದಾಗ, ಇನ್ನು ಎಷ್ಟು ಉರಿಸಿದರೂ ಅಷ್ಟೇ ಎಂದು ತಿಳಿದ ಒಂದು ಕುಟುಂಬವನ್ನು ನಾನು ಬಲ್ಲೆ. ಮಾರ್ಚಿನಲ್ಲಿ ಅವರ ಮುಖ ನೋಡುವಂತಿರಲಿಲ್ಲ. ಅದಕ್ಕೂ ಹಿಂದೆ, 2021ರ ಶರತ್ಕಾಲದಿಂದಾಚೆಗೆ ಇಪ್ಪತ್ತೈದಕ್ಕೂ ಹೆಚ್ಚು ಕಂಪೆನಿಗಳು ಮುಳುಗಿದವು. ಆಗಲೂ ಯಾರ ಮನೆಯ ದೀಪವೂ ಆರಲಿಲ್ಲ. ನಿಯಂತ್ರಕರಾದ ಆಫ್‌ಜೆಮ್ ಆ ಗ್ರಾಹಕರನ್ನು ಬೇರೆ ಕಂಪೆನಿಗಳಿಗೆ ಒಪ್ಪಿಸಿತು. ಆದ್ದರಿಂದ ಬದಲಿಸಲು ಭಯಪಡಬೇಕಿಲ್ಲ.

ಉಳಿತಾಯದ ನಿಜವಾದ ತಾಣ ಚಳಿ ಕಾಯಿಸುವ ವೆಚ್ಚ. ದೀಪ ಆರಿಸು ಎಂದು ಮಕ್ಕಳನ್ನು ಗದರಿಸುವ ನಾವು ಇದನ್ನು ಮರೆಯುತ್ತೇವೆ. ಇಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಅನಿಲದ ಸುಮಾರು ನಾಲ್ಕು ಪಟ್ಟು ಬೆಲೆ. ಎರಡು ಕಿಲೋವಾಟಿನ ಹೀಟರ್ ಎಂಟು ಗಂಟೆ ಎಡೆಬಿಡದೆ ಓಡಿದರೆ ಹದಿನಾರು ಯೂನಿಟ್. ಯೂನಿಟ್ಟಿಗೆ 25 ಪೆನ್ನಿ ಹಿಡಿದರೂ ರಾತ್ರಿಗೆ ನಾಲ್ಕು ಪೌಂಡ್. ಅನಿಲದ ಬಾಯ್ಲರ್ ಇರುವ ಮನೆಯಲ್ಲಿ ಊರಿಂದ ಬಂದ ಹಿರಿಯರ ಕೋಣೆಯ ರೇಡಿಯೇಟರನ್ನು ಪೂರ್ತಿ ತೆರೆದು, ಖಾಲಿ ಕೋಣೆಗಳದನ್ನು ತಗ್ಗಿಸುವುದು ಲೇಸು. ನೀರಿನ ಟ್ಯಾಂಕ್ ಇಲ್ಲದ ಕಾಂಬಿ ಬಾಯ್ಲರ್ ಆದರೆ, ರೇಡಿಯೇಟರಿಗೆ ಹೋಗುವ ನೀರಿನ ಉಷ್ಣತೆಯನ್ನು 60 ಡಿಗ್ರಿಗೆ ಇಳಿಸಿ. ಮನೆ ನಿಧಾನವಾಗಿ ಬೆಚ್ಚಗಾಗುತ್ತದೆ, ಅನಿಲ ಉಳಿಯುತ್ತದೆ. ಆದರೆ ಅತ್ತೆಯವರನ್ನಾಗಲಿ ಅಮ್ಮನನ್ನಾಗಲಿ ಮೂರು ಸ್ವೆಟರುಗಳಲ್ಲಿ ಕೂರಿಸಿ ಬಿಲ್ಲು ಇಳಿಸುವುದನ್ನು ಮಿತವ್ಯಯವೆಂದು ನಾನು ಕರೆಯಲಾರೆ. ಕೋಟು ತೊಟ್ಟು ಕುಳಿತಿದ್ದವರನ್ನು ಕಣ್ಣಾರೆ ಕಂಡಿದ್ದೇನೆ.

ಕನ್ನಡ ಸಂಘಗಳಿಗೆ ನನ್ನದೊಂದು ಬಿನ್ನಹವಿದೆ. ಯುಗಾದಿ, ದೀಪಾವಳಿ ಸಮಾರಂಭಗಳಲ್ಲಿ ಸೀರೆ, ಒಡವೆ, ಉಪ್ಪಿನಕಾಯಿಗಳಿಗೆ ಮೇಜು ಹಾಕುತ್ತೀರಿ. ಒಂದು ಮೇಜನ್ನು ಬಿಲ್ಲು ಓದುವುದಕ್ಕೆ ಬಿಡಿ. ಇಂಗ್ಲಿಷಿನ ಸಣ್ಣ ಅಕ್ಷರಗಳಿಗೆ ಅಂಜುವ ಹೊಸ ಸೊಸೆಯರು, ವಿಶ್ರಾಂತ ಜೀವನದ ಹಿರಿಯರು ತಮ್ಮ ಬಿಲ್ಲನ್ನೂ ಮೀಟರಿನ ಅಂಕಿಯನ್ನೂ ತರಲಿ. ಆ ಮೇಜಿನ ಬಳಿ ಕೂರಲು ನಾನು ಸಿದ್ಧಳಿದ್ದೇನೆ. ಬಂದವರ ಕಾಫಿಯ ಖರ್ಚು ನನ್ನ ಲೆಕ್ಕಕ್ಕೆ ಬರೆಯಿರಿ.