ತಟ್ಟೆಯ ಮೇವನ್ನು ಒಣಗಿಸಿ ತೂಗಿರಿ



ಮಣ್ಣಿಲ್ಲದೆ ಹಸಿರು ಮೇವು ಬೆಳೆಸುವ ಯಂತ್ರದ ಬಗ್ಗೆ ನಮ್ಮ ಧರ್ಮಕೇಂದ್ರದ ಕೆಲವರು ವಿಚಾರಿಸುತ್ತಿದ್ದಾರೆ. ಒಂದು ಕಿಲೋ ಮೆಕ್ಕೆಜೋಳ ಹಾಕಿದರೆ ಏಳೇ ದಿನದಲ್ಲಿ ಐದಾರು ಕಿಲೋ ಮೇವು ಸಿಗುತ್ತದೆ ಎಂಬುದು ಮಾರುವವರ ಮಾತು. ಇದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಮನೆಯ ಚಿನ್ನ ಅಡವಿಡುವ ಮೊದಲು ಉಳಿದ ಅರ್ಧವನ್ನೂ ತಿಳಿಯಬೇಕೆಂದು ನನ್ನ ಅಭಿಪ್ರಾಯ.

ಮಣ್ಣಿಲ್ಲದೆ ಗಿಡ ಬೆಳೆಯುವುದು ಪವಾಡವೇನಲ್ಲ. ಗಿಡಕ್ಕೆ ಬೇಕಾದ ಲವಣಗಳನ್ನು ನೀರಿನಲ್ಲಿ ಕರಗಿಸಿ ಕೊಟ್ಟರೂ ಅದು ಬೆಳೆಯುತ್ತದೆಂದು ಜರ್ಮನಿಯ ವಿಜ್ಞಾನಿಗಳಾದ ಸಾಕ್ಸ್ ಮತ್ತು ಕ್ನಾಪ್ 1860ರ ದಶಕದಲ್ಲೇ ತೋರಿಸಿದ್ದರು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ ಎಂಬವರು ತೊಟ್ಟಿಯ ನೀರಿನಲ್ಲಿ ಎತ್ತರದ ಟೊಮೆಟೊ ಗಿಡ ಬೆಳೆಸಿದಾಗ ಪತ್ರಿಕೆಗಳು ದೊಡ್ಡ ಸುದ್ದಿ ಮಾಡಿದವು. ಈ ವಿಧಾನಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರು ಬಂದುದೂ ಆಗಲೇ. ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲಿ ಪರೀಕ್ಷೆಯ ಫಲ ಪ್ರಕಟಿಸಿದರು. ಒಳ್ಳೆಯ ಮಣ್ಣಿಗೂ ನೀರಿಗೂ ಇಳುವರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಮಣ್ಣಿಲ್ಲದ ಕಡೆ ಈ ವಿಧಾನ ವರ. ಎರಡನೇ ಮಹಾಯುದ್ಧದಲ್ಲಿ ಬಂಜರು ಅಸೆನ್ಶನ್ ದ್ವೀಪದಲ್ಲಿ ಅಮೆರಿಕದ ಸೇನೆ ಹೀಗೆಯೇ ತರಕಾರಿ ಬೆಳೆಸಿತು.

ತಟ್ಟೆಯ ಮೇವಿನಲ್ಲಿ ಸಾಮಾನ್ಯವಾಗಿ ಲವಣವನ್ನೂ ಹಾಕುವುದಿಲ್ಲ, ಬರೀ ನೀರು. ಹಾಗಾದರೆ ಒಂದು ಕಿಲೋ ಐದೂವರೆ ಕಿಲೋ ಆಗುವುದು ಹೇಗೆ? ಲೆಕ್ಕ ಹಾಕೋಣ. ಒಂದು ಕಿಲೋ ಒಣ ಮೆಕ್ಕೆಜೋಳದಲ್ಲಿ ನೀರಿನ ಅಂಶ ಕಳೆದು ಸುಮಾರು 880 ಗ್ರಾಂ ಒಣ ಪದಾರ್ಥ ಇರುತ್ತದೆ. ತಟ್ಟೆಯ ಮೇವಿನಲ್ಲಿ ಒಣ ಪದಾರ್ಥ ನೂರಕ್ಕೆ ಸುಮಾರು 13 ಪಾಲು. ಐದೂವರೆ ಕಿಲೋಗೆ 715 ಗ್ರಾಂ ಆಯಿತು. ಅಂದರೆ ಹೆಚ್ಚಿದ್ದು ನೀರು, ಆಹಾರ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಮೊಳಕೆ ಬೆಳೆಯಲು ಬೀಜದೊಳಗಿನ ಪಿಷ್ಟವನ್ನೇ ಖರ್ಚು ಮಾಡುತ್ತದೆ. ಎಳೆಯ ಎಲೆ ಆ ಸಾಲವನ್ನು ಏಳು ದಿನದಲ್ಲಿ ತೀರಿಸಲಾರದು.

400 ಕಿಲೋ ತೂಗುವ ಕರೆಯುವ ಹಸುವಿಗೆ ದಿನಕ್ಕೆ ಕನಿಷ್ಠ 10 ಕಿಲೋ ಒಣ ಪದಾರ್ಥ ಬೇಕು. ಅಷ್ಟನ್ನೂ ತಟ್ಟೆಯಿಂದಲೇ ಕೊಡುವುದಾದರೆ 77 ಕಿಲೋ ಮೇವು, ಅದಕ್ಕೆ 14 ಕಿಲೋ ಮೆಕ್ಕೆಜೋಳ! ಮೆಕ್ಕೆಜೋಳ ನಮ್ಮ ಕಾಸರಗೋಡಿನ ಬೆಳೆಯೂ ಅಲ್ಲ. ಹೊರಗಿನಿಂದ ಹಣ ಕೊಟ್ಟು ತರಬೇಕು.

ಗುಣವನ್ನೂ ಹೇಳಬೇಕು. ಹಸು ಇದನ್ನು ಇಷ್ಟಪಟ್ಟು ತಿನ್ನುತ್ತದೆ, ಜೀವಸತ್ವವೂ ಇದೆ. ಗೋವಾದ ಐ.ಸಿ.ಎ.ಆರ್. ಸಂಶೋಧಕರು ಜೀರ್ಣಶಕ್ತಿ ಸುಧಾರಿಸಿತೆಂದೂ ಹಾಲು ಸ್ವಲ್ಪ ಹೆಚ್ಚಿತೆಂದೂ ವರದಿ ಮಾಡಿದ್ದಾರೆ. ಆದ್ದರಿಂದ ಬೈಹುಲ್ಲು, ಹಿಂಡಿಯ ಜೊತೆಗೆ ಪೂರಕವಾಗಿ ಕೊಡಬಹುದು. ಅವುಗಳ ಬದಲಿಗೆ ಅಲ್ಲ.

ಆರೋಗ್ಯದ ವಿಷಯದಲ್ಲಿ ಎರಡು ಎಚ್ಚರಿಕೆ. ನಮ್ಮ ಮಳೆಗಾಲದ ಥಂಡಿಯಲ್ಲಿ ತಟ್ಟೆಗೆ ಬೂಷ್ಟು ಬೇಗ ಹಿಡಿಯುತ್ತದೆ. ಬೂಷ್ಟು ಬಂದುದನ್ನು ಹಸುವಿಗೆ ಹಾಕಲೇಬೇಡಿ. ಕೆಲವು ಬೂಷ್ಟಿನ ವಿಷ ಹಾಲಿನ ಮೂಲಕ ಮಕ್ಕಳ ಲೋಟಕ್ಕೂ ಬರುತ್ತದೆ. ಬಿತ್ತನೆಗೆಂದು ಮಾರುವ, ಔಷಧ ಲೇಪಿಸಿದ ಬೀಜವನ್ನೂ ಬಳಸಬೇಡಿ.

ತೆಂಗಿನ ತೋಟ ಇರುವವರಿಗೆ ನನ್ನ ಸಲಹೆ ಬೇರೆ. ತೆಂಗಿನ ನಡುವೆ ಹೈಬ್ರಿಡ್ ನೇಪಿಯರ್ ಹುಲ್ಲು ಬೆಳೆಸುವುದನ್ನು ನಮ್ಮ ಕೂಡ್ಲಿನ ಸಿ.ಪಿ.ಸಿ.ಆರ್.ಐ. ಬಹುಕಾಲದಿಂದ ಶಿಫಾರಸು ಮಾಡುತ್ತಿದೆ. ಎರಡು ಗೆಣ್ಣಿನ ತುಂಡು ನೆಟ್ಟರೆ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಮತ್ತೆ ನೀರು ಗೊಬ್ಬರ ಇದ್ದರೆ ಸುಮಾರು 45 ದಿನಕ್ಕೊಮ್ಮೆ. ಹಟ್ಟಿಯ ಗೊಬ್ಬರ ಹುಲ್ಲಿಗೆ, ಹುಲ್ಲು ಹಟ್ಟಿಗೆ. ಅಡಿಕೆ ತೋಟದ ದಟ್ಟ ನೆರಳಿಗೆ ಮಾತ್ರ ಇದು ಹೊಂದದು.

ಮೂರು ಸೆಂಟ್ಸ್ ಜಾಗದಲ್ಲಿ ಒಂದೇ ಹಸು ಸಾಕುವ ಮನೆಯವರಿಗೆ ತಟ್ಟೆಯ ಮೇವು ಉಪಕಾರವಾದೀತು. ಅದಕ್ಕೂ ಯಂತ್ರ ಬೇಡ. ಒಂದು ಕಿಲೋ ಮೆಕ್ಕೆಜೋಳವನ್ನು ಒಂದು ದಿನ ನೆನೆಸಿ, ಮರುದಿನ ಒದ್ದೆ ಗೋಣಿಯಲ್ಲಿ ಕಟ್ಟಿಡಿ. ಮೊಳಕೆ ಬಂದ ಮೇಲೆ ತೂತುಳ್ಳ ತಟ್ಟೆಯಲ್ಲಿ ತೆಳ್ಳಗೆ ಹರಡಿ, ದಿನಕ್ಕೆ ನಾಲ್ಕಾರು ಸಲ ಶುದ್ಧ ನೀರು ಚಿಮುಕಿಸಿ. ಏಳನೇ ದಿನ ತೂಗಿ, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ಮತ್ತೆ ತೂಗಿ. ಮಾರಾಟಗಾರ ಹೇಳದ್ದನ್ನು ತಕ್ಕಡಿ ಹೇಳುತ್ತದೆ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಯೇಸುಸ್ವಾಮಿಯ ಸಾಮತಿಯನ್ನು ನಾವು ದೇವಾಲಯದಲ್ಲಿ ಕೇಳಿದ್ದೇವೆ. ಆ ಮಾತನ್ನು ಹಟ್ಟಿಗೂ ಕೊಂಡೊಯ್ಯೋಣ.