ಕುದುರೆ ಬೆನ್ನಿನ ಮನೆ

ಭತ್ತದ ಕೊಯ್ಲು ಮುಗಿದು ಯಂತ್ರಗಳು ಗದ್ದೆಯಿಂದ ರಸ್ತೆಗೆ ಹತ್ತಿದವೆಂದರೆ ನಮ್ಮ ಸಿರುಗುಪ್ಪ ತಾಲ್ಲೂಕಿಗೆ ಕುರಿಗಳು ಬಂದವೆಂದೇ ಲೆಕ್ಕ. ಬಾಗಲಕೋಟೆ, ಬೆಳಗಾವಿ, ಕೊಪ್ಪಳದ ಕಡೆಯಿಂದ ಹೊರಟ ಹಿಂಡುಗಳು ಕಾಲುವೆಯ ಏರಿ ಹಿಡಿದು ಊರಿಂದೂರಿಗೆ ಸರಿಯುತ್ತ ಬರುತ್ತವೆ. ಬಸ್ಸಿನಲ್ಲಿ ಕುಳಿತವರಿಗೆ ಕಾಣುವುದು ರಸ್ತೆ ತುಂಬ ಕುರಿ, ಹಾರನ್ ಬಾರಿಸಿ ಬೇಸತ್ತ ಚಾಲಕ, ಕೋಲು ಅಡ್ಡ ಹಿಡಿದು ನಿಂತ ಗಂಡಸು, ಇಷ್ಟೇ. ಸ್ವಲ್ಪ ಹಿಂದಕ್ಕೆ ತಿರುಗಿ ನೋಡಿದರೆ ಒಂದು ಮನೆಯೇ ನಡೆದು ಬರುತ್ತಿರುತ್ತದೆ. ಕುದುರೆಯ ಬೆನ್ನ ಮೇಲೆ ಬಲೆ, ಗೂಟ, ಕಂಬಳಿ, ಜೋಳದ ಹಿಟ್ಟಿನ ಚೀಲ, ತಂಬಿಗೆ, ಕೊಡ. ಅದರ ಮೇಲೆ ಕಾಲು ಕಟ್ಟಿದ ಕೋಳಿ. ಪಕ್ಕದ ಚೀಲದಿಂದ ತಲೆ ಹೊರಹಾಕಿದ, ನಿನ್ನೆಯೋ ಮೊನ್ನೆಯೋ ಹುಟ್ಟಿದ ಮರಿ. ಎಲ್ಲಕ್ಕಿಂತ ಮೇಲೆ, ಅಷ್ಟು ದೂರ ನಡೆಯಲಾರದ ಒಂದು ಮಗು. ಹಗ್ಗ ಹಿಡಿದು ಮುಂದೆ ನಡೆಯುವವಳು ಆ ಮಗುವಿನ ತಾಯಿ. ಈಚೆಗೆ ಕೆಲವರು ಕುದುರೆಯ ಬದಲು ಸಣ್ಣ ಸರಕು ಗಾಡಿ ಇಟ್ಟುಕೊಂಡಿದ್ದಾರೆ. ಗಾಡಿ ಬಂದರೂ ಅದರೊಳಗಿನ ಸಂಸಾರ ಅದೇ.

ಅಮೆರಿಕದಲ್ಲಿ ಒಲೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಒಂದು ದೊಡ್ಡ ಮೋಟಾರು ಗಾಡಿಯೊಳಗೇ ಅಳವಡಿಸಿಕೊಂಡು ವರ್ಷಗಟ್ಟಲೆ ಊರೂರು ಸುತ್ತುವ ಕುಟುಂಬಗಳಿವೆ. ಗಂಡುಮಕ್ಕಳಿಗೆ ತಾಯಿಯೇ ಗಾಡಿಯಲ್ಲಿ ಪಾಠ ಹೇಳುತ್ತಾಳೆ. 1993ರ ಹೊತ್ತಿಗೆ ಅಲ್ಲಿನ ಐವತ್ತೂ ರಾಜ್ಯಗಳಲ್ಲಿ ಮನೆಪಾಠ ಕಾನೂನುಬದ್ಧವಾಗಿತ್ತು. ಆದ್ದರಿಂದ ಆ ಹುಡುಗರನ್ನು ‘ಶಾಲೆ ಬಿಟ್ಟವರು’ ಎಂದು ಯಾರೂ ಕರೆಯುವುದಿಲ್ಲ. ಅಂಥವರ ಚಿತ್ರ ನೋಡಿ ‘ಎಂಥ ಸಾಹಸ!’ ಎನ್ನುವ ನಾವು, ನಮ್ಮ ಗದ್ದೆಯ ಬದುವಿನಲ್ಲೇ ಬಿಡಾರ ಹೂಡಿದ ತಾಯಿಯನ್ನು ಕಣ್ಣೆತ್ತಿ ನೋಡುವುದಿಲ್ಲ. ಅವರು ಬೇಕೆಂದು ಹೊರಟವರು. ಇವಳದು ಕಸುಬು, ಅಷ್ಟೇ ವ್ಯತ್ಯಾಸ.

ಈ ಕಸುಬು ನಮ್ಮ ನೆಲಕ್ಕೆ ಹೊಸದಲ್ಲ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿಯ ಬಳಿ ಬೂದಿದಿಬ್ಬವಿದೆ. ರಾಕ್ಷಸನನ್ನು ಸುಟ್ಟ ಬೂದಿ ಎಂದು ಹಿಂದಿನವರು ಹೇಳುತ್ತಿದ್ದರು. ಅಗೆದು ಪರೀಕ್ಷಿಸಿದವರಿಗೆ ಸಿಕ್ಕಿದ್ದು ಸುಟ್ಟ ಸಗಣಿ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿದ್ದ ಜನ ದನಗಳನ್ನು ಕೂಡಿಹಾಕಿ, ರಾಶಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟ ಗುರುತು ಅದು. ನಮ್ಮ ತಾಲ್ಲೂಕಿನದೇ ಆದ ತೆಕ್ಕಲಕೋಟೆಯಲ್ಲೂ ಆ ಕಾಲದವರ ನೆಲೆ ಸಿಕ್ಕಿದೆ. ಬೇಲಿ ಕಟ್ಟಿ ಪ್ರಾಣಿಗಳನ್ನು ರಾತ್ರಿ ನಿಲ್ಲಿಸಿ, ಪಕ್ಕದಲ್ಲಿ ಮಕ್ಕಳನ್ನು ಮಲಗಿಸಿಕೊಂಡ ತಾಯಂದಿರು ಆಗಲೂ ಇದ್ದರು.

ಕುರಿಗಾಹಿಯನ್ನು ರೈತ ಕರೆದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವುದೇಕೆ? ಹಿಕ್ಕೆಗಾಗಿ ಎಂದು ಎಲ್ಲ ವಿದ್ಯಾರ್ಥಿಗಳೂ ಉತ್ತರಿಸುತ್ತಾರೆ. ಅರ್ಧ ಅಂಕ ಕೊಡಬಹುದು. ಉಳಿದರ್ಧ ಮೂತ್ರದಲ್ಲಿದೆ. ಕುರಿಯ ಮೂತ್ರದಲ್ಲಿರುವ ಯೂರಿಯಾ, ರೈತ ಅಂಗಡಿಯಿಂದ ಚೀಲದಲ್ಲಿ ತರುವ ಯೂರಿಯಾ, ಎರಡೂ ಒಂದೇ ವಸ್ತು. ಜರ್ಮನಿಯ ವೋಲರ್ 1828ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದ. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಬೆಳಿಗ್ಗೆ ಮಂದೆ ಎದ್ದ ಜಾಗದಲ್ಲಿ ಮೂಗಿಗೆ ಹೊಡೆಯುವ ಘಾಟು ಅದೇ. ಘಾಟು ಹೆಚ್ಚಿದಷ್ಟೂ ಸಾರಜನಕ ಗಾಳಿಗೆ ಹೋಯಿತೆಂದು ಅರ್ಥ. ಅದಕ್ಕೇ ಮಂದೆ ಎದ್ದ ಹೊಲವನ್ನು ಬೇಗ ಉಳುಮೆ ಮಾಡಬೇಕು ಎನ್ನುವುದು. ಮೊದಲು ಇದಕ್ಕೆ ಜೋಳ, ಭತ್ತ ಕೊಡುತ್ತಿದ್ದರು. ಈಗ ರಾತ್ರಿಗೆ ಇಷ್ಟೆಂದು ಹಣ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ಹರಿದ ಮೇಲೆ ಜೋಳ, ಹತ್ತಿಯ ಕಪ್ಪು ನೆಲದಲ್ಲಿ ಭತ್ತ ಎದ್ದಿತು. ರೈತನಿಗೆ ಅನುಕೂಲವಾಯಿತು. ಕುರಿಗೆ ಮೇವೂ ಸಿಕ್ಕಿತು, ಕಾಯಿಲೆಯೂ ಸಿಕ್ಕಿತು. ನೀರು ನಿಂತ ಗದ್ದೆಯ ಬಸವನಹುಳುವಿನಲ್ಲಿ ಬೆಳೆದ ಒಂದು ಜೀವಿ ಹುಲ್ಲಿಗೆ ಅಂಟಿಕೊಂಡು ಕುರಿಯ ಹೊಟ್ಟೆ ಸೇರಿ ಅದರ ಯಕೃತ್ತಿನ ಪಿತ್ತನಾಳಗಳಲ್ಲಿ ಎಲೆಯಾಕಾರದ ಹುಳುವಾಗುತ್ತದೆ. ಸದಾ ಒದ್ದೆ ನೆಲದಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ‘ಇಬ್ಬನಿ ಆರುವ ಮೊದಲು ಕುರಿ ಬಿಡಬೇಡ’ ಎಂದು ತಾಯಿ ಮಗನಿಗೆ ಗದರುವುದನ್ನು ಕೇಳಿದ್ದೇನೆ. ಹೊಟ್ಟೆಹುಳುವಿನ ಮರಿಗಳು ಹುಲ್ಲು ಒದ್ದೆಯಿದ್ದಾಗ ಎಲೆಯ ಮೇಲಕ್ಕೆ ಏರುತ್ತವೆ ಎಂದು ನಾವು ಓದಿ ತಿಳಿದುಕೊಂಡದ್ದು. ಅವಳು ಓದಿಲ್ಲ.

ಗಂಡಸರು ಕುರಿಯ ಹಿಂದೆ ಹೋದ ಮೇಲೆ ಬಿಡಾರದಲ್ಲಿ ಉಳಿಯುವವಳು ಅವಳು. ನೀರು ಎಲ್ಲಿದೆಯೆಂದು ಹುಡುಕಬೇಕು, ಪುಳ್ಳೆ ಆರಿಸಬೇಕು, ತಾಯಿ ಬಿಟ್ಟು ಹೋದ ಮರಿಗಳಿಗೆ ಹಾಲು ಕುಡಿಸಬೇಕು, ಕುಂಟುವ ಕುರಿಗೆ ಔಷಧ ಹಚ್ಚಬೇಕು. ಬಲೆ ಬಿಚ್ಚಿ ಇನ್ನೊಂದು ಹೊಲದಲ್ಲಿ ಕಟ್ಟಬೇಕು. ರಾತ್ರಿ ನಾಯಿ ಬೊಗಳಿದರೆ ಕಳ್ಳರೋ ತೋಳವೋ ಎಂದು ಏಳಬೇಕು. ಇಷ್ಟರ ನಡುವೆ ಬೆಳೆಯುವ ಗಂಡುಮಕ್ಕಳು. ಹನ್ನೆರಡು, ಹದಿಮೂರರ ಹುಡುಗನ ಹಸಿವು ಎಂಥದ್ದೆಂದು ಮನೆಯಲ್ಲಿ ಅಂಥವರಿರುವ ತಂದೆತಾಯಿಗಳಿಗೆ ಹೇಳಬೇಕಾಗಿಲ್ಲ. ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆದು ಬಂದವನ ಹಸಿವು ಇನ್ನೆಷ್ಟಿರಬೇಡ! ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಬಡಿದಷ್ಟೂ ಸಾಲದು. ಚಪ್ಪಲಿ ಕೊಂಡ ಆರು ತಿಂಗಳಿಗೆ ಕಾಲು ಹೊರಗೆ.

ಆ ಹುಡುಗರಿಗೆ ಏನೂ ಬರುವುದಿಲ್ಲವೆಂದು ತಿಳಿಯಬೇಡಿ. ನೂರಾರು ಮರಿಗಳಲ್ಲಿ ಯಾವ ಮರಿ ಯಾವ ತಾಯಿಯದೆಂದು ಹೇಳುತ್ತಾರೆ. ಸಂಜೆ ಜೋಡಿ ಜೋಡಿಯಾಗಿ ಎಣಿಸಿ ಒಂದು ಕಡಿಮೆಯಿದ್ದರೆ ಆ ಒಂದು ಯಾವುದೆಂದೂ ಹೇಳುತ್ತಾರೆ. ಕುರಿಯ ಕೆಳತುಟಿ ಬಿಡಿಸಿ ವಯಸ್ಸು ಲೆಕ್ಕ ಹಾಕುತ್ತಾರೆ: ಎರಡಲ್ಲು, ನಾಕಲ್ಲು, ಆರಲ್ಲು, ಕೊನೆಗೆ ಬಾಯಿಗೂಡಿದ್ದು. ಹಾಲುಹಲ್ಲು ಬಿದ್ದು ಮುಂದಿನ ಹಲ್ಲುಗಳು ಜೋಡಿಜೋಡಿಯಾಗಿ ಬರುವ ಕ್ರಮ ಅದು. ನನ್ನ ತರಗತಿಯಲ್ಲಿ ಹಲ್ಲಿನ ಪಾಠ ಬಾಯಿಪಾಠ ಮಾಡಿ ಪೂರ್ಣ ಅಂಕ ತೆಗೆದವರು ಕುರಿಯ ಬಾಯಿ ಬಿಡಿಸಿ ನೋಡಿಲ್ಲ. ಮೇಲಿನ ಮುಂದವಡೆಯಲ್ಲಿ ಕುರಿಗೆ ಹಲ್ಲೇ ಇಲ್ಲವೆಂದು ಹೇಳಿದರೆ ಬೆರಗಾಗುತ್ತಾರೆ.

ಕುರಿಯ ವಯಸ್ಸು ಹೀಗೆ ಹೇಳಬಲ್ಲ ಹುಡುಗನ ಸ್ವಂತ ವಯಸ್ಸಿಗೆ ಮಾತ್ರ ಪುರಾವೆ ಬೇಕಂತೆ. ಶಾಲೆಯ ಮೆಟ್ಟಿಲು ಹತ್ತಿದರೆ ಜನನ ಪ್ರಮಾಣಪತ್ರ ತನ್ನಿ, ವರ್ಗಾವಣೆ ಪತ್ರ ತನ್ನಿ. ಅವನು ಹುಟ್ಟಿದ್ದು ಯಾವುದೋ ಊರ ಹೊಲದಲ್ಲಿ, ಯಾವುದೋ ಅಮಾವಾಸ್ಯೆಯ ಮರುದಿನ.

ಒಮ್ಮೆ ಅಂಥ ಒಬ್ಬ ತಾಯಿ ನನ್ನನ್ನು ತಡೆದು ಮಾತಾಡಿಸಿದಳು. ಗದ್ದೆಯ ದಾರಿಯಲ್ಲಿ ಹೋಗುತ್ತಿದ್ದವನು ಮೇಷ್ಟ್ರು ಎಂದು ಯಾರೋ ಹೇಳಿದ್ದರು. ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಹದಿಮೂರು, ಚಿಕ್ಕವನಿಗೆ ಒಂಬತ್ತು.

“ಹಿರ್‍ಯಾಂವನ್ನ ಅತ್ತಿ ಕಡೆ ಊರಾಗ ಬಿಟ್ಟಿದ್ವಿ ಸರ. ಆರನೇತ್ತಿ ಮಟ ಸಾಲಿಗೆ ಹ್ವಾದ. ಅತ್ತಿ ತೀರ್ಕೊಂಡಳು. ಯಾರ ಕಡೆ ಬಿಡೂದ್ರಿ? ನಮ್ಮ ಬೆನ್ನ ಹಿಂದ ಬಂದ. ಈಗ ಅವರಪ್ಪಗ ಒಂದಾಳು ಆಗ್ಯಾನ.”

“ಅವನ ಹೆಸರು ಶಾಲೆಯಲ್ಲಿ ಇದೆಯೇನಮ್ಮ?”

“ತಗದ್ರಂತ್ರಿ. ಬಾಳ ದಿನ ಬರಲಿಲ್ಲಂತ.”

ಅವನ ಎತ್ತರ ತೋರಿಸುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಹೆಸರು ತೆಗೆದ ಮಾತು ಹೇಳುವಾಗ ನೆಲ ನೋಡುತ್ತಿದ್ದಳು. ಅವಳಿಗೆ ಈಗ ಚಿಕ್ಕವನ ಚಿಂತೆ. ಮಂದೆ ಈ ಊರ ಸುತ್ತ ಮೂರು ವಾರ ಇರುತ್ತದೆ, ಅಷ್ಟು ದಿನ ಇಲ್ಲಿಯ ಶಾಲೆಯಲ್ಲಿ ಕೂರಿಸಿಕೊಳ್ಳುತ್ತಾರೆಯೇ ಎಂದು ಕೇಳಿದಳು. “ಪುಸ್ತಕ ಅದಾವು ಸರ, ಹೇಳಿಕೊಡಾಕ ನನಗ ಬರಂಗಿಲ್ಲ.”

ಕೇಳುವ ಹಕ್ಕು ಅವಳಿಗಿದೆ. 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದೆಲ್ಲ ಬರೆದಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಯಸ್ಸಿನ ಪುರಾವೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಹೊರಗೆ ನಿಲ್ಲಿಸುವಂತಿಲ್ಲ. ನಡುವೆ ಬಿಟ್ಟವನನ್ನು ಅವನ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಹದಿನಾಲ್ಕು ದಾಟಿದರೂ ಎಂಟನೆಯ ತರಗತಿ ಮುಗಿಸುವ ಹಕ್ಕು ಅಂಥವನಿಗಿದೆ. ವಲಸೆ ಬಂದ ಕುಟುಂಬಗಳ ಮಕ್ಕಳ ಪ್ರವೇಶ ಸ್ಥಳೀಯ ಆಡಳಿತದ ಹೊಣೆ ಎಂದೂ ಅದರಲ್ಲಿದೆ. ವಯಸ್ಸಿಗೆ ತಕ್ಕ ತರಗತಿ ಎಂದರೆ ಕೆಲವು ಪಾಲಕರು ಮೂಗು ಮುರಿಯುತ್ತಾರೆ, ‘ಒಂದನೆಯದು ಓದದವನು ಐದನೆಯದು ಹೇಗೆ ಓದಿಯಾನು?’ ಎಂದು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ದನ ಕಾಯುತ್ತಿದ್ದ ಹುಡುಗ, ನೇರ ಐದನೆಯ ತರಗತಿಗೆ ಸೇರಿದವರು. ಆಗ ಈ ಕಾನೂನೂ ಇರಲಿಲ್ಲ. ಒಬ್ಬ ಮೇಷ್ಟ್ರ ತೀರ್ಮಾನ, ಅಷ್ಟೇ.

ಆದರೂ ಕಾನೂನಿಗೊಂದು ತೊಡಕು ಇದ್ದೇ ಇದೆ. ಇಟ್ಟಿಗೆ ಭಟ್ಟಿ, ಕಟ್ಟಡದ ಕೆಲಸಕ್ಕೆ ಬಂದವರು ಒಂದೆಡೆ ತಿಂಗಳುಗಟ್ಟಲೆ ನಿಲ್ಲುತ್ತಾರೆ. ಅವರ ಮಕ್ಕಳಿಗೆ ನಮ್ಮಲ್ಲಿ ಟೆಂಟ್ ಶಾಲೆಗಳು ನಡೆದಿವೆ. ಊರಲ್ಲೇ ಉಳಿಯುವ ಮಕ್ಕಳಿಗೆ ಋತುಮಾನದ ವಸತಿ ನಿಲಯಗಳೂ ನಡೆದಿವೆ. ಕುರಿಗಾಹಿ ನಿಲ್ಲುವುದೇ ಇಲ್ಲ. ಇರಾನಿನಲ್ಲಿ ಇದೇ ಪ್ರಶ್ನೆ ಎದುರಾದಾಗ ಮೊಹಮ್ಮದ್ ಬಹಮನ್‌ಬೇಗಿ ಎಂಬುವವರು 1950ರ ದಶಕದಲ್ಲಿ ಶಾಲೆಯನ್ನೇ ನಡೆಸಿದರು, ಅಂದರೆ ನಿಜವಾಗಿಯೂ ನಡೆಯುವಂತೆ ಮಾಡಿದರು. ಸ್ವತಃ ಕಶ್ಕಾಯಿ ಎಂಬ ಅಲೆಮಾರಿ ಪಶುಪಾಲಕರಲ್ಲಿ ಹುಟ್ಟಿದವರು. ಅದೇ ಜನರ ಯುವಕರನ್ನು ಆರಿಸಿ, ಶಿರಾಜ್ ನಗರದಲ್ಲಿ ತರಬೇತಿ ಕೊಟ್ಟು, ಹಿಂಡಿನ ಜತೆಯೇ ಕಳಿಸಿದರು. ಮೇಕೆ ಕೂದಲಿನ ಕಪ್ಪು ಗುಡಾರಗಳ ನಡುವೆ ಬಿಳಿ ಗುಡಾರ ಕಂಡರೆ ಅದು ಶಾಲೆ. ಬಿಡಾರ ಎದ್ದಾಗ ಶಾಲೆಯೂ ಏಳುತ್ತಿತ್ತು. ನಮ್ಮಲ್ಲೂ ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕುಳಿತ ಕುರಿಗಾಹಿಗಳ ಮಕ್ಕಳಿದ್ದಾರೆ, ಹುಡುಕಬೇಕಷ್ಟೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಸಭೆ, ಭಾಷಣ ಆಗುತ್ತವೆ. ಒಂದು ಬಿಳಿ ಗುಡಾರವೂ ಆದರೆ ಚೆನ್ನ.

ಆ ಊರಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಹೆಚ್ಚು ಕೇಳಲಿಲ್ಲ. ಚಿಕ್ಕವನನ್ನು ನಾಲ್ಕನೆಯ ತರಗತಿಯಲ್ಲಿ ಕೂರಿಸಿದರು. ಮೊದಲ ದಿನ ಅವನ ಪಕ್ಕದಲ್ಲಿ ಯಾರೂ ಕೂರಲಿಲ್ಲ, ಕುರಿ ವಾಸನೆ ಎಂದು. ಓದುತ್ತಿರುವ ಹುಡುಗ ಹುಡುಗಿಯರಿಗೆ ಹೇಳಬೇಕು: ಆ ವಾಸನೆ ಉಣ್ಣೆಯ ಜಿಡ್ಡಿನದು. ಅದನ್ನೇ ಶುದ್ಧಿಮಾಡಿ ಲ್ಯಾನೊಲಿನ್ ಎಂಬ ಹೆಸರಿನಲ್ಲಿ ಮುಖದ ಕ್ರೀಮಿಗೆ ಹಾಕುತ್ತಾರೆ, ನಾವು ದುಡ್ಡು ಕೊಟ್ಟು ಹಚ್ಚಿಕೊಳ್ಳುತ್ತೇವೆ. ನಾಲ್ಕನೆಯ ದಿನ ಬಿಸಿಯೂಟದ ಹೊತ್ತಿಗೆ ಅವನ ಸುತ್ತ ಗುಂಪು. ಕುರಿಗೆ ಮೇಲೆ ಹಲ್ಲಿಲ್ಲ ಎಂದು ಅವನು ಪಂದ್ಯ ಕಟ್ಟಿದ್ದನಂತೆ. ಸಂಜೆ ಅರ್ಧ ತರಗತಿ ಗದ್ದೆಗೆ ಹೋಗಿ ನೋಡಿ ಸೋತು ಬಂದಿತು.

ದೊಡ್ಡವನ ಮಾತು ಅಷ್ಟು ಸುಲಭವಾಗಲಿಲ್ಲ. ಏಳನೆಯ ತರಗತಿಗೆ ಸೇರಿಸೋಣವೆಂದರೆ ಅವನೇ ಒಪ್ಪಲಿಲ್ಲ. ಸಣ್ಣವರ ಜತೆ ಕೂರುವುದಿಲ್ಲ, ಅಪ್ಪನಿಗೆ ಯಾರಿದ್ದಾರೆ ಎಂದ. ಅವನಿಗೆ ಮೀಸೆ ಚಿಗುರುತ್ತಿತ್ತು. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು, ದಿನವೂ ತರಗತಿಗೆ ಬರಬೇಕಿಲ್ಲ ಎಂದು ಹೇಳಿದೆ. ತಲೆ ಆಡಿಸಿದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ತಾಯಿ ಮಾತ್ರ ಆ ಸಂಸ್ಥೆಯ ಹೆಸರನ್ನು ಕಾಗದದಲ್ಲಿ ಬರೆಸಿಕೊಂಡಳು.

ಮೂರು ವಾರಕ್ಕೆ ಮಂದೆ ಎದ್ದಿತು. ಮುಖ್ಯೋಪಾಧ್ಯಾಯಿನಿ ಶಾಲೆಯ ಮೊಹರು ಹಾಕಿದ ಒಂದು ಹಾಳೆ ಕೊಟ್ಟರು: ಹುಡುಗ ಎಷ್ಟು ದಿನ ಬಂದ, ಗಣಿತದಲ್ಲಿ ಭಾಗಾಕಾರದವರೆಗೆ ಬಂದಿದೆ, ಕನ್ನಡ ಓದುತ್ತಾನೆ, ಬರವಣಿಗೆ ಸುಧಾರಿಸಬೇಕು. ಕೆಳಗೆ ‘ಮುಂದಿನ ಶಾಲೆಯವರು ದಯವಿಟ್ಟು ಇಲ್ಲಿಂದ ಮುಂದುವರಿಸಿ’ ಎಂದಿತ್ತು. ತಾಯಿ ಅದನ್ನು ಪಡಿತರ ಚೀಟಿಯ ಜತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜೋಳದ ಹಿಟ್ಟಿನೊಳಗೆ ಇಟ್ಟಳು. ಮಳೆ ಬಂದರೂ ಅಲ್ಲಿ ನೆನೆಯುವುದಿಲ್ಲವಂತೆ. ಆಮೇಲೆ ಕುದುರೆಯ ಹಗ್ಗ ಬಿಚ್ಚಿದಳು. ಹೇರು ಸರಿಯಾಗಿ ಕೂತಿದೆಯೇ ಎಂದು ದೊಡ್ಡ ಮಗ ಒಂದು ಸಲ ಎಳೆದು ನೋಡಿದ.