ಕುಕ್ಕರಿನ ಬೆನ್ನ ಮೇಲಿನ ನಂಬರು

2022ರ ಆಗಸ್ಟಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ತಪ್ಪು ಇಷ್ಟೇ: ಗುಣಮಟ್ಟದ ನಿಯಮ ಪಾಲಿಸದ ಪ್ರೆಶರ್ ಕುಕ್ಕರುಗಳನ್ನು ತಮ್ಮ ತಾಣಗಳಲ್ಲಿ ಮಾರಲು ಬಿಟ್ಟದ್ದು. ಒಂದರಲ್ಲಿ 2,265, ಇನ್ನೊಂದರಲ್ಲಿ 598. ಕೊಂಡವರಿಗೆಲ್ಲ ತಿಳಿಸಿ, ಕುಕ್ಕರ್ ವಾಪಸು ಪಡೆದು ಹಣ ಮರಳಿಸಿ ಎಂದೂ ಆದೇಶವಾಯಿತು. ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು, ಅದು ಬೇರೆ ಕಥೆ.

ನನಗೆ ಮುಖ್ಯವೆನಿಸಿದ್ದು ಆ ಲೆಕ್ಕ. ಯಾರು ಕೊಂಡರು, ಅವರ ಮನೆ ಎಲ್ಲಿ, ಎಲ್ಲವೂ ಬರಹದಲ್ಲಿತ್ತು. ನಮ್ಮ ಮುಂಬಯಿಯ ಫುಟ್‌ಪಾತಿನಲ್ಲಿ ಮಾರಾಟವಾದ ಕುಕ್ಕರಿಗೆ ಆ ಭಾಗ್ಯ ಎಲ್ಲಿದೆ? ಊರಿಂದ ಕೆಲಸಕ್ಕೆ ಬಂದು ಡೊಂಬಿವಲಿಯಲ್ಲಿ ರೂಮು ಮಾಡಿದ ಅಕ್ಕನ ಮಗ ಮೊನ್ನೆ ಅಂಥದ್ದೇ ಒಂದನ್ನು ತಂದಿದ್ದ. ತಿರುಗಿಸಿ ನೋಡಿದೆ.

"ಐಎಸ್‌ಐ ಮಾರ್ಕ್ ಉಂಟಲ್ಲ ಮಾಮ" ಅಂದ.

ಮಾರ್ಕ್ ಇತ್ತು, ಮೇಲೆ ಕೆಳಗೆ ಬೋಳು. ನಿಜವಾದ ಗುರುತಿನ ಮೇಲೆ ಐಎಸ್ 2347 ಎಂದಿರಬೇಕು, ಅದು ಕುಕ್ಕರಿನ ಮಾನಕದ ಸಂಖ್ಯೆ. ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು; ನಂಬರು ಹಾಕಿದರೆ ಸಿಕ್ಕಿಬೀಳುವ ಭಯ.

2021ರ ಫೆಬ್ರವರಿಯಿಂದ ಈ ಗುರುತಿಲ್ಲದೆ ಕುಕ್ಕರ್ ತಯಾರಿಸಿ ಮಾರುವಂತಿಲ್ಲ. ಲೈಸೆನ್ಸ್ ಕೊಡುವ ಮುನ್ನ ಬಿಐಎಸ್‌ನವರು ಕಾರ್ಖಾನೆ ನೋಡುತ್ತಾರೆ, ಆಮೇಲೂ ಕಾರ್ಖಾನೆಯಿಂದ, ಅಂಗಡಿಯಿಂದ ಮಾದರಿ ತಂದು ಪರೀಕ್ಷಿಸುತ್ತಾರೆ. ಬೇಳೆ ಸಿಕ್ಕಿ ವಿಶಲಿನ ದಾರಿ ಮುಚ್ಚಿದರೆ ಸೇಫ್ಟಿ ವಾಲ್ವ್ ಹಬೆಯನ್ನು ಹೊರಬಿಡುತ್ತದೆಯೇ ಎಂಬುದು ಪರೀಕ್ಷೆಗಳಲ್ಲೊಂದು. ಅದು ಕೈಕೊಟ್ಟರೆ ಮುಚ್ಚಳ ಹಾರುತ್ತದೆ, ಎದುರಿಗೆ ಒಲೆಯ ಮುಂದೆ ನಿಂತವರಿರುತ್ತಾರೆ.

ಕಳ್ಳಗುರುತು ಹಾಕಿದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಎರಡು ಲಕ್ಷ ದಂಡ ಎನ್ನುತ್ತದೆ 2016ರ ಬಿಐಎಸ್ ಕಾಯ್ದೆ. ಗೋದಾಮುಗಳ ಮೇಲೆ ದಾಳಿಯೂ ನಡೆಯುತ್ತದೆ. ಆದರೆ ಸಂಜೆ ಹಾಸಿ ರಾತ್ರಿ ಮಡಚುವ ತಾಡಪಾಲಿನ ಹತ್ತಿರ ಯಾವ ಇನ್‌ಸ್ಪೆಕ್ಟರ್ ದಿನಾ ಬಂದಾನು? ಅಲ್ಲಿ ತಪಾಸಣೆ ಮಾಡುವವರು ನಾವೇ, ಅದೂ ದುಡ್ಡು ಕೊಡುವ ಮುಂಚೆ.

ಮೊಬೈಲಿನಲ್ಲಿ 'ಬಿಐಎಸ್ ಕೇರ್' ಆಪ್ ತೆರೆದು ಸಿಎಂ/ಎಲ್ ನಂಬರು ಹಾಕಿ. ಲೈಸೆನ್ಸ್ ಯಾರದ್ದು, ಯಾವ ವಸ್ತುವಿಗೆ, ಈಗಲೂ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಬೇರೆ ಹೆಸರು ಬಂದರೆ ಅಲ್ಲೇ ದೂರು ಕೊಡಬಹುದು. ಹೆಲ್ಮೆಟ್ಟಿಗೂ ಇದೇ ಕ್ರಮ. ಅದರ ಮೇಲಿರಬೇಕಾದ ಸಂಖ್ಯೆ ಐಎಸ್ 4151.